ಸೇತುವೆಯ ದಾರಿ

ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಬಿಳಿ ಕೋಲು ಹಿಡಿದು ಓಡಾಡುವುದನ್ನು ಕಲಿಸುವುದು ನನ್ನ ಕೆಲಸ. ಅವರಲ್ಲೊಬ್ಬರಾದ ಹವಾಲ್ದಾರರು ಒಂದೇ ತಿಂಗಳಲ್ಲಿ ಮೆಟ್ಟಿಲು, ರಸ್ತೆ ಎಲ್ಲವನ್ನೂ ರೂಢಿಸಿಕೊಂಡಿದ್ದರು. ಅವತ್ತು ಪಾಠಕ್ಕೆಂದು ಅವರ ಮನೆಗೆ ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ತಡೆದರು.

“ಮೇಡಂ, ಸೇತುವೆ ದಾರಿ ಮಾತ್ರ ಕಲಿಸಬೇಡಿ. ಹೋದ ವರ್ಷ ಇವರು ಅಲ್ಲಿಂದ ಹಾರೋಕೆ ಹೋಗಿದ್ರು.”

ಹಿಂದಿನ ದಿನವಷ್ಟೇ ಹವಾಲ್ದಾರರು ಹಟ ಹಿಡಿದು ನನ್ನಿಂದ ಆ ದಾರಿ ಕಲಿತಿದ್ದರು.

ಒಳಗೆ ಹೋಗಿ, ಸಾಯುವ ಯೋಚನೆ ಇನ್ನೂ ಇದೆಯಾ ಅಂತ ನೇರವಾಗಿಯೇ ಕೇಳಿದೆ. ಬೂಟಿನ ಲೇಸು ಕಟ್ಟುತ್ತಿದ್ದ ಹವಾಲ್ದಾರರ ಕೈ ನಿಂತಿತು.

“ಸುಳ್ಳು ಯಾಕೆ ಹೇಳ್ಲಿ, ಈಗಲೂ ಒಮ್ಮೊಮ್ಮೆ ಅನ್ಸತ್ತೆ.”

“ಹಾಗಾದ್ರೆ ಇವತ್ತು ಪಾಠ ಬೇಡ. ಡಾಕ್ಟರ ಹತ್ರ ಹೋಗೋಣ.”

ಹವಾಲ್ದಾರರು ಲೇಸು ಕಟ್ಟಿ ಮುಗಿಸಿ, ಹೆಂಡತಿ ನಿಂತಿದ್ದ ಕಡೆಗೆ ಕೈ ಚಾಚಿ, “ನೀನೂ ಬಾ,” ಅಂದರು.