ಒಂದು ಪ್ರಶ್ನೆಯ ಪದವಿ

ಏಳು ಕಡಲಿನ ಈಚೆ ದಡದಲ್ಲಿ ಒಬ್ಬಳು ತಾಯಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಡಲು ದಾಟಿ ಹೋದಳು. ಚಿಕ್ಕವಳು ಕಡಲಾಚೆಯ ಮಾತು ಕಲಿತಳು. ಅಜ್ಜಿ ಬದುಕಿದ್ದರೆ ಕತೆಯನ್ನು ಹೀಗೇ ಎತ್ತಿಕೊಳ್ಳುತ್ತಿದ್ದಳು, ಕೊನೆಗೆ ಹೇಗಾದರೂ ಮಾಡಿ ದೊಡ್ಡವಳನ್ನು ವಾಪಸು ಕರೆತರುತ್ತಿದ್ದಳು. ಅವಳ ಕತೆಗಳಲ್ಲಿ ಕಲ್ಲಾದವರೂ ಮೈಕೊಡವಿ ಏಳುತ್ತಿದ್ದರು. ಆ ಚಿಕ್ಕವಳು ನಾನು. ನನ್ನ ಕೈಯಲ್ಲಿ ಅದು ಆಗುವುದಿಲ್ಲ.

ಅಕ್ಕ ಹೋದದ್ದು ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ. ಮುದುಕಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಅಕ್ಕನಿಗೆ ಹೋಗುವ ಮನಸ್ಸೂ ಅಷ್ಟಾಗಿ ಇರಲಿಲ್ಲ. "ಎರಡು ವರ್ಷ ತಾನೇ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕಳೆದುಹೋಗುತ್ತೆ" ಎಂದು ಅವಳ ಪೆಟ್ಟಿಗೆ ತುಂಬಿಕೊಟ್ಟವಳು ಅಮ್ಮ. ಹದಿನಾಲ್ಕನೆಯ ತಿಂಗಳಲ್ಲಿ ಅಕ್ಕ ಪೆಟ್ಟಿಗೆಯಲ್ಲೇ ಮಲಗಿ ಬಂದಳು. ಜೊತೆಗೆ ಒಂದು ಹಾಳೆ, ಹೃದಯ ನಿಂತಿದೆ ಎಂದು. ಕೆಲಸ ಕೊಡಿಸಿದ ಏಜೆಂಟು, "ಏನೂ ನೋವಾಗಿಲ್ಲವಂತೆ ಅಮ್ಮಾ, ನಿದ್ದೆಯಲ್ಲೇ ಹೋದ್ರಂತೆ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಅವನ ಫೋನು ಹತ್ತಲೇ ಇಲ್ಲ.

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಾಳೆ. ಸತ್ತವರ ಕೆಳಗಿದ್ದ ಹೊದಿಕೆಗಳನ್ನು ಇಪ್ಪತ್ತು ವರ್ಷ ಮಡಚಿದವಳಿಗೆ, ಸಾವು ಅಷ್ಟು ಮಡಿಕೆ ಬೀಳದ ಹಾಗೆ ಬರುವುದಿಲ್ಲ ಎಂದು ಗೊತ್ತು.

"ನಿದ್ದೆಯಲ್ಲಿ ಹೋದವಳ ಒಂದು ಕೈ ಹಾಗೆ ಮೇಲಕ್ಕೆ ಯಾಕೆ ಸೆಟೆದಿತ್ತು?" ಎಂದಳು ಒಂದು ಸಂಜೆ. "ನಂಗೆ ಬೇರೇನೂ ಬೇಡ. ಆ ಹೊತ್ತಲ್ಲಿ ನನ್ನ ಮಗಳ ಹತ್ತಿರ ಯಾರಿದ್ರು? ಅದೊಂದು ಕೇಳಿ ಹೇಳು."

"ಅಕ್ಕ ನೋಡಿಕೊಳ್ತಿದ್ದ ಆ ಅಜ್ಜಿಗೆ ನಮ್ಮ ಮಾತು ಬರಲ್ಲಮ್ಮ. ಫೋನಲ್ಲೇ ತರ್ಜುಮೆ ಮಾಡೋದಿದೆ, ಅದರಲ್ಲಿ..."

"ಇಂಥಾ ಮಾತನ್ನ ಮಿಷನ್ನಿನ ಬಾಯಲ್ಲಿ ಕೇಳಬೇಕಾ? ನೀನು ಕಲಿ. ಕಲಿತು ಕೇಳು. ಅವರು ಏನು ಹೇಳ್ತಾರೋ ಅದನ್ನೇ ಹೇಳು. ಒಂದಕ್ಕೆ ಎರಡು ಸೇರಿಸಬೇಡ, ಎರಡರಲ್ಲಿ ಒಂದು ಕಳೀಬೇಡ."

ಹೂಂ ಎಂದೆ. ಹೀಗೆ ನಾನು ವಿಶ್ವವಿದ್ಯಾಲಯಕ್ಕೆ ಸೇರಿದೆ.

ಭಾಷಾ ವಿಭಾಗ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಹಗಲಲ್ಲೂ ದೀಪ ಹಾಕಬೇಕು. ಗೋಡೆಯ ಸುಣ್ಣ ಭುಜಕ್ಕೆ ಅಂಟುತ್ತಿತ್ತು. ಮೊದಲ ದಿನ ವಿಭಾಗದ ಮುಖ್ಯಸ್ಥರು ಪರಭಾಷೆ ಕಲಿಯುವುದರ ಲಾಭಗಳನ್ನು ಬೆರಳು ಮಡಚಿ ಹೇಳಿದರು: ಉದ್ಯೋಗ, ವಿದ್ಯಾರ್ಥಿವೇತನ, ಚುರುಕಾದ ನೆನಪು, ಮುಪ್ಪಿನಲ್ಲೂ ಮಂಕಾಗದ ಮಿದುಳು. ನಾವು ಹದಿನೇಳು ಜನ. ಯಾಕೆ ಬಂದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದಾಗ, ಆಮೇಲೆ ನಾವು ಗಿಳಿ ಎಂದು ಕರೆಯತೊಡಗಿದ ಹುಡುಗಿ, "ಬೇರೆ ಎಲ್ಲೂ ಸೀಟು ಸಿಗಲಿಲ್ಲ ಸಾರ್" ಎಂದು ಇಡೀ ತರಗತಿಯನ್ನು ನಗಿಸಿದಳು. "ಒಬ್ಬರ ಹತ್ತಿರ ಒಂದು ವಿಷಯ ಕೇಳಬೇಕು" ಎಂದೆ ನಾನು. ಅದಕ್ಕೂ ನಕ್ಕರು.

ಅಮ್ಮ ವಾರಕ್ಕೊಮ್ಮೆ, ಬಸ್ಸಿನ ವಿಷಯ ವಿಚಾರಿಸಿದ ಹಾಗೆ ಕೇಳುವಳು: "ಬಂತಾ?"

"ಬರ್ತಿದೆಯಮ್ಮ."

"ಎಲ್ಲಿವರೆಗೆ ಬಂದಿದೆ?"

ಏನು ಹೇಳಲಿ? ಮೊದಲ ವರ್ಷ ನನಗೆ ರೈಲಿನ ವೇಳೆ ಕೇಳಲು ಬಂತು, ಕಿಟಕಿಯಿರುವ ಕೋಣೆ ಬೇಕೆಂದು ಹೇಳಲು ಬಂತು. ಎರಡನೆಯ ವರ್ಷ ಪ್ರಬಂಧಗಳು. ನಮ್ಮ ಪಠ್ಯಪುಸ್ತಕದ ಕುಟುಂಬ ಸಾಯುತ್ತಲೇ ಇರಲಿಲ್ಲ. ಸದಾ ಪ್ರವಾಸ ಹೊರಟಿರುತ್ತಿತ್ತು. ಅಭ್ಯಾಸಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಆ ಮಂದಿಯ ನಗುವನ್ನು ಕೇಳುವಾಗ, ಅಕ್ಕ ಇದೇ ಸದ್ದಿನ ನಡುವೆ ಹದಿನಾಲ್ಕು ತಿಂಗಳು ಅರ್ಧ ಕಿವುಡಿಯಂತೆ ಬದುಕಿದಳಲ್ಲ ಎನ್ನಿಸುತ್ತಿತ್ತು. ಕಲಿತಷ್ಟೂ ಅವಳು ಹತ್ತಿರವಾಗುತ್ತಾಳೆ ಎಂದುಕೊಂಡಿದ್ದೆ. ಕಲಿತಷ್ಟೂ ಅವಳ ಒಂಟಿತನದ ಅಳತೆ ಸಿಕ್ಕಿತು, ಅಷ್ಟೆ.

ಮೂರನೆಯ ವರ್ಷ ವಾಣಿಜ್ಯ ಪತ್ರವ್ಯವಹಾರ. ಕಲಿಸುತ್ತಿದ್ದವರು ಒಬ್ಬ ಅಧ್ಯಾಪಕಿ. ಪ್ರತಿ ವಾಕ್ಯದ ಕೊನೆಗೂ ಮೇಜಿಗೆ ಪೆನ್ನು ಕುಟ್ಟುತ್ತಿದ್ದುದರಿಂದ ನಮ್ಮ ಪಾಲಿಗೆ ಪೂರ್ಣವಿರಾಮ ಮೇಡಂ. ಆ ಪತ್ರಿಕೆಯಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ. ಈಗ ಬಂತು ಎಂದುಕೊಂಡು ಅಮ್ಮನಿಗೆ ಹೇಳದೆ, ಅಕ್ಕನ ಚೀಲದಲ್ಲಿ ಸಿಕ್ಕಿದ್ದ ಆ ಮುದುಕಿಯ ಮನೆಯ ವಿಳಾಸಕ್ಕೆ ಕಾಗದ ಬರೆದೆ. ಕಲಿತ ಹಾಗೆಯೇ ಬರೆದೆ. ಮೇಲೆ ವಿಷಯ, ಕೆಳಗೆ ಉಲ್ಲೇಖ. ಸದರಿ ದಿನಾಂಕದಂದು ತಮ್ಮ ನಿವಾಸದಲ್ಲಿ ಸಂಭವಿಸಿದ ಮರಣದ ಸಂದರ್ಭದಲ್ಲಿ ಯಾರು ಹಾಜರಿದ್ದರೆಂದು ಹದಿನೈದು ದಿನಗಳೊಳಗೆ ತಿಳಿಸಬೇಕಾಗಿ ಕೋರಿದೆ. ಒಂದು ತಪ್ಪೂ ಇರಲಿಲ್ಲ. ನನಗೇ ಹೆಮ್ಮೆಯಾಯಿತು.

ಉತ್ತರ ಬಂದದ್ದು ವಕೀಲನಿಂದ. ಮುದುಕಿಯ ಮಗನ ಪರವಾಗಿ ಬರೆದಿದ್ದ: ಕುಟುಂಬವು ಯಾವ ಹೊಣೆಯನ್ನೂ ಒಪ್ಪುವುದಿಲ್ಲ, ಪರಿಹಾರದ ಯಾವ ಬೇಡಿಕೆಯನ್ನೂ ಪುರಸ್ಕರಿಸುವುದಿಲ್ಲ, ಇನ್ನು ಮುಂದೆ ಮನೆಯವರಿಗೆ ಪತ್ರ ಬರೆಯಕೂಡದು.

ನನ್ನ ಕಾಗದದ ನಕಲನ್ನೂ ಆ ಉತ್ತರವನ್ನೂ ಪೂರ್ಣವಿರಾಮ ಮೇಡಂ ಮುಂದೆ ಇಟ್ಟೆ. ಅವರು ಎರಡನ್ನೂ ಓದಿದರು. ಪೆನ್ನು ಕುಟ್ಟಲಿಲ್ಲ.

"ಇದು ಕಾಗದ ಅಲ್ಲಮ್ಮ, ನೋಟೀಸು" ಎಂದರು.

"ನೀವು ಕಲಿಸಿದ ಹಾಗೇ ಬರೆದೆ, ಮೇಡಂ."

"ಹೌದು. ಕಲಿಸಿದ ಹಾಗೇ ಬರೆದಿದೀಯ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಸರಕು ಒಡೆದು ಬಂದರೆ ಹೇಗೆ ಬರೀಬೇಕು ಅಂತ ಕಲಿಸಿದೆ. ಮನೆಯವರು ಸತ್ತರೆ ಹೇಗೆ ಬರೀಬೇಕು ಅಂತ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಕಲಿಸಲಿಲ್ಲ. ಯಾರೂ ಕೇಳಲೂ ಇಲ್ಲ."

ಆ ವಾರ ಅಮ್ಮ "ಬಂತಾ?" ಎಂದಾಗ ನಾನು ಪುಸ್ತಕಕ್ಕೆ ಮುಖ ತಗ್ಗಿಸಿದೆ. ಅವಳೂ ಒತ್ತಾಯಿಸಲಿಲ್ಲ. ಅಂದಿನಿಂದ ಕೇಳುವುದನ್ನೇ ಬಿಟ್ಟಳು. ನನಗೆ ಅದೇ ಹೆಚ್ಚು ಚುಚ್ಚಿತು. ಒಂದು ದಿನ ಕೆಲಸದಲ್ಲಿ ಇಸ್ತ್ರಿಯ ಕೆಳಗೆ ಅವಳ ಬೆರಳು ಸಿಕ್ಕಿ ಗುಳ್ಳೆ ಎದ್ದಿತ್ತು. "ಯೋಚನೆ ಎಲ್ಲಿಟ್ಟಿದ್ದೆ?" ಎಂದು ಗದರಿದೆ. "ಎಲ್ಲಿಡೋದು, ಇರೋದು ಒಂದೇ" ಎಂದಳು.

ವಕೀಲನ ಕಾಗದವನ್ನು ಹರಿಯಲು ಮನಸ್ಸಾಗದೆ ಮತ್ತೆ ಮತ್ತೆ ಓದುತ್ತಿದ್ದೆ. ನಾಲ್ಕನೆಯದೋ ಐದನೆಯದೋ ಸಲ, ಮೂರನೆಯ ಪ್ಯಾರಾದ ಉದ್ದ ವಾಕ್ಯವೊಂದರ ಹೊಟ್ಟೆಯೊಳಗೆ ಅಡಗಿದ್ದ ತುಣುಕು ಕಣ್ಣಿಗೆ ಬಿತ್ತು. ನನ್ನ ಕಕ್ಷಿದಾರರ ತಾಯಿ ಸದ್ಯ ಇಂಥ ಊರಿನ ಇಂಥ ವೃದ್ಧಾಶ್ರಮದಲ್ಲಿ ವಾಸವಾಗಿದ್ದು, ಎಂದಿತ್ತು. ಮನೆಯವರಿಗೆ ಪತ್ರ ಬರೆಯಬಾರದು ಎಂದಿದ್ದ. ಮುದುಕಿ ಈಗ ಮನೆಯಲ್ಲೇ ಇರಲಿಲ್ಲ. ಆಶ್ರಮದ ನಂಬರು ಹುಡುಕುವುದು ಕಷ್ಟವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು, ಇಬ್ಬರಿಗೂ ಕೇಳುವಂತೆ ದನಿ ಹೆಚ್ಚಿಸಿದೆ. ಅಮ್ಮ ಕೆಲಸಕ್ಕೆ ಹೋಗುವಾಗ ಉಡುವ ಸೀರೆ ಉಟ್ಟು ಬಂದು ಕುಳಿತಳು. ಆಶ್ರಮದ ಸ್ವಾಗತಕಾರಿಣಿ ಫೋನು ಎತ್ತಿಕೊಂಡಾಗ, ನಾನು ಬರೆದು ತಂದಿದ್ದ ದೊಡ್ಡ ವಾಕ್ಯಗಳೆಲ್ಲ ಕೈಕೊಟ್ಟವು. ಮೊದಲ ಪಾಠದ ಮಾತುಗಳೇ ಬಾಯಿಗೆ ಬಂದವು: ನಮಸ್ಕಾರ. ನಾನು ಬಹಳ ದೂರದಿಂದ ಮಾತನಾಡುತ್ತಿದ್ದೇನೆ. ನಿಮ್ಮಲ್ಲಿರುವ ಅಜ್ಜಿಯನ್ನು ನನ್ನ ಅಕ್ಕ ನೋಡಿಕೊಳ್ಳುತ್ತಿದ್ದಳು. ಈಗ ಅವಳಿಲ್ಲ.

ಅತ್ತ ಕಡೆ ಗಾಲಿಕುರ್ಚಿ ಉರುಳುವ ಸದ್ದು. ಆಮೇಲೆ ತೀರ ಸಣ್ಣ ದನಿ.

"ತಂಗಿಯಾ?" ಎಂದಿತು. "ತಂಗಿ ಇದ್ದಾಳೆ ಅಂತ ಹೇಳ್ತಿದ್ದಳು. ಯಾರಾದರೂ ಕೇಳ್ತಾರೆ ಅಂತ ಮೂರು ವರ್ಷದಿಂದ ಕಾಯ್ತಾ ಇದೀನಿ."

ನಾನು ಅಮ್ಮನ ಪ್ರಶ್ನೆ ಕೇಳಿದೆ. ಮುದುಕಿ ನಿಲ್ಲಿಸದೆ, ನನಗಾಗಿ ಪದಗಳನ್ನು ಬಿಡಿಸಿ ಬಿಡಿಸಿ ಹೇಳಿದಳು. ಒಂದೊಂದೂ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ಮೂರು ವರ್ಷದಲ್ಲಿ ಮೊದಲ ಬಾರಿ ಅನ್ನಿಸಿತು.

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂತೆ?"

"ಹತ್ತಿರ... ಆ ಅಜ್ಜಿನೇ ಇದ್ರಂತೆ ಅಮ್ಮ. ಪಕ್ಕದಲ್ಲೇ."

ಅಮ್ಮ ಫೋನಿನತ್ತ ಬೆರಳು ತೋರಿಸಿದಳು. "ಅವರು ಅಷ್ಟುದ್ದ ಮಾತಾಡಿದ್ರು. ನೀನು ಇಷ್ಟೇ ಹೇಳಿದೆ. ಉಳಿದದ್ದು ಎಲ್ಲಿ?"

"ಅಮ್ಮ..."

"ನಾನೇ ಕಳಿಸಿದವಳು. ನಂಗೆ ಪೂರ್ತಿ ಬೇಕು."

ಆಗ ಹೇಳಿದೆ. ಸೇರಿಸದೆ, ಕಳೆಯದೆ ಹೇಳಿದೆ.

ಬೆಳಗಿನ ಹೊತ್ತಂತೆ, ಅಮ್ಮ. ಅಕ್ಕ ಅವರಿಗೆ ಒಂದು ಕಾಲಿಗೆ ಕಾಲುಚೀಲ ಹಾಕಿದ್ದಳಂತೆ. ಯಾಕೋ ತಲೆ ಸುತ್ತುತ್ತೆ, ಐದು ನಿಮಿಷ ಮಲಗಿ ಬರ್ತೀನಿ ಅಂತ ಪಕ್ಕದ ಕೋಣೆಗೆ ಹೋದಳಂತೆ. ಆಮೇಲೆ ಕೂಗಿದಳಂತೆ. ಅವರಿಗೆ ಏಳೋಕೆ ಆಗಲ್ಲ, ಫೋನು ಅಡುಗೆಮನೆಯಲ್ಲಿತ್ತಂತೆ. ಕಿರುಚಿದರಂತೆ, ಯಾರೂ ಬರಲಿಲ್ಲ. ತಟ್ಟೆಯಲ್ಲಿದ್ದ ಚಮಚ ತಗೊಂಡು, ನಾನಿಲ್ಲಿದೀನಿ ಅಂತ ಗೊತ್ತಾಗಲಿ ಅಂತ ಗೋಡೆ ಬಡಿದರಂತೆ. ಅಕ್ಕನೂ ಆ ಕಡೆಯಿಂದ ಬಡಿದಳಂತೆ. ಅವರು ಬಡಿಯೋದು, ಇವಳು ಬಡಿಯೋದು. ಆಮೇಲೆ ಅವರೊಬ್ಬರದೇ ಸದ್ದು. ಸಂಜೆ ಮಗ ಬರೋವರೆಗೂ ಬಡೀತಾನೇ ಇದ್ರಂತೆ.

ಅಮ್ಮ ತನ್ನ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟುಕೊಂಡಿದ್ದಳು. ಅಳಲಿಲ್ಲ. ಫೋನಿನೊಳಗೆ ಮುದುಕಿ ಉಸಿರಾಡುವುದು ಕೇಳಿಸುತ್ತಿತ್ತು.

"ಅವಳು ಎಷ್ಟು ಹೊತ್ತು ಬಡಿದಳು ಅಂತ ಕೇಳು."

ಕೇಳಿದೆ. ಗಡಿಯಾರ ನನ್ನ ಬೆನ್ನ ಹಿಂದಿತ್ತು ಮಗು, ಎಂದಳು ಮುದುಕಿ. ತುಂಬಾ ಹೊತ್ತಲ್ಲ. ಆದರೆ ನಾನು ನಿಲ್ಲಿಸಿದಾಗೆಲ್ಲ ಅವಳೇ ಮೊದಲು ಬಡೀತಿದ್ದಳು.

ಅದನ್ನೂ ಅಮ್ಮನಿಗೆ ಹೇಳಿದೆ.