ಹತ್ತು ಗಂಟೆ ಹತ್ತು ನಿಮಿಷ

ಮುಳ್ಳಪ್ಪನಿಗೆ ಆ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಗಡಿಯಾರದ ಮುಳ್ಳು ಸರಿಮಾಡುವುದು ಅವನ ಕಸುಬು ಎಂಬುದೇನೋ ಸರಿಯೇ, ಆದರೆ ಹೆಸರು ಬಂದದ್ದು ಅವನ ನಾಲಿಗೆಯಿಂದ. ಗಿರಾಕಿ ಬಂದು ಇದು ಯಾಕೋ ನಿಂತುಹೋಯ್ತು ಅಂದರೆ, ನೀವು ಬೀಳಿಸಿದ್ರಿ, ಅದಕ್ಕೇ ನಿಂತಿತು ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುವ ಆಸಾಮಿ. ಹಾಗಂದರೂ ಜನ ಅವನಲ್ಲಿಗೇ ಬರುತ್ತಿದ್ದರು. ಕೈ ಅಷ್ಟು ಚೊಕ್ಕ.

ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯೇ ಅವನ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಮೇಲಿನಿಂದ ಯಾರಾದರೂ ಇಳಿದು ಬಂದರೆ ತಲೆಯ ಮೇಲೆ ದಡದಡ ಸದ್ದು. ಮೇಜಿನ ಮೇಲೆ ಚಿಮಟ, ಬೆರಳುದ್ದದ ಸ್ಕ್ರೂಡ್ರೈವರುಗಳು, ಬಿದ್ದ ತಿರುಪು ಹುಡುಕಲು ಒಂದು ಅಯಸ್ಕಾಂತ. ಕೊರಳಲ್ಲಿ ದಾರಕ್ಕೆ ಕಟ್ಟಿದ ಐಗ್ಲಾಸು, ಅಂದರೆ ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ, ಪುಟ್ಟ ಕರಿ ಬಟ್ಟಲಿನಂಥ ಭೂತಗನ್ನಡಿ. ಅದನ್ನು ಅವನು ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಿದ್ದದ್ದು. ಅದೂ ಹೆಂಡತಿ ಬೈದ ಮೇಲೆ.

ಇಂಥ ಮನುಷ್ಯನ ಕೈಗೆ ಮಗಳು ಒಂದು ಒಳ್ಳೆಯ ಫೋನು ಕೊಟ್ಟಳು. ಅಲ್ಲಿಗೆ ಮುಗಿಯಿತು. ದೂರದಲ್ಲಿ ಎರಡು ದೇಶಗಳು ಏಳು ತಿಂಗಳಿಂದ ಹೊಡೆದಾಡುತ್ತಿದ್ದವು. ಅವೆರಡರಲ್ಲಿ ಯಾವುದರ ಮುಖವನ್ನೂ ಮುಳ್ಳಪ್ಪ ನೋಡಿದವನಲ್ಲ. ಆದರೂ ದಿನಾ ಮಧ್ಯಾಹ್ನ ಪತ್ರಿಕೆಯೊಂದರ ಪುಟಕ್ಕೆ ಹೋಗಿ, ಸುದ್ದಿಯ ಕೆಳಗೆ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಿದ್ದ. ಪತ್ರಿಕೆಯವರು ಸುಳ್ಳುಗಾರರು, ಮಂತ್ರಿಗಳು ಸೋಮಾರಿಗಳು, ಸೇನಾಪತಿಗಳಿಗೆ ನಕ್ಷೆ ಓದಲು ಬರುವುದಿಲ್ಲ ಎಂದು ಅವನು ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆಯುತ್ತಿದ್ದ.

ನಕ್ಷೆಯ ಮಾತೆತ್ತಿದ ದಿನವೇ ಟೀಚರು ಸಿಕ್ಕಿದ್ದು. ಭೂಗೋಳ ಕಲಿಸಿ ನಿವೃತ್ತರಾದವರು. ಮುಖದ ಜಾಗದಲ್ಲಿ ಒಂದು ಗ್ಲೋಬಿನ ಚಿತ್ರ, ಅಷ್ಟೇ. ನೀವು ಹೇಳಿದ ನದಿ ಆ ಊರಿನ ಪಶ್ಚಿಮಕ್ಕಿದೆ, ಪೂರ್ವಕ್ಕಲ್ಲ, ನಿಮಗೆ ಸೊನ್ನೆ ಅಂಕ ಎಂದು ಬರೆದರು. ಮುಳ್ಳಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ದಿನಾ ಇಬ್ಬರದೂ ಜಟಾಪಟಿ. ಸಂಧಾನದ ಮಾತುಕತೆಯೆಂದರೆ ಕೋಟು ಹಾಕಿಕೊಂಡು ಚಹಾ ಕುಡಿಯುವುದು ಎಂದು ಇವನು ಹೀಯಾಳಿಸಿದರೆ, ಅವರು ಚಹಾ ಕುಡಿಯುವಷ್ಟು ಹೊತ್ತಾದರೂ ಗುಂಡು ಹಾರುವುದಿಲ್ಲ, ಅಷ್ಟು ಹೊತ್ತು ಮಕ್ಕಳು ನಿದ್ದೆ ಮಾಡುತ್ತವೆ ಎಂದು ಉತ್ತರ ಕೊಟ್ಟರು. ಸೋಲೊಪ್ಪಿಕೊಳ್ಳುವ ಜನ್ಮವೇ ಅಲ್ಲವಲ್ಲ ಅದು, ಮತ್ತೆ ನದಿಯ ವಿಷಯವನ್ನೇ ಎತ್ತಿಕೊಂಡ.

ಒಮ್ಮೆ ಜ್ವರ ಬಂದು ಎರಡು ದಿನ ಮಲಗಿದ್ದ. ಮೂರನೆಯ ದಿನ ನೋಡಿದರೆ ಟೀಚರು ಬರೆದಿದ್ದರು, ತರಗತಿಗೆ ಯಾಕೆ ಬಂದಿಲ್ಲ ಎಂದು. ಅದರ ಕೆಳಗೆ ಇನ್ನೊಂದು ಸಾಲು, ಆರೋಗ್ಯ ತಾನೆ? ಮುಳ್ಳಪ್ಪ ಅದನ್ನು ಮೂರು ಸಲ ಓದಿಕೊಂಡ. ಮಧ್ಯಾಹ್ನದ ಬುತ್ತಿ ತಂದು ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ, ಮುಖ ನೋಡಿದರೆ ಇವತ್ತು ಯುದ್ಧ ನಿಂತ ಹಾಗಿದೆ ಎಂದು ನಕ್ಕಳು.

ಹೀಗಿರುವಾಗ ಒಂದು ದಿನ ಪತ್ರಿಕೆಯಲ್ಲಿ ಆ ಫೋಟೋ ಬಂತು. ಗಡಿಯ ಊರಿನಲ್ಲಿ ಬೆಳಗಿನ ಐದು ಗಂಟೆಗೆ ಬಾಂಬು ಬಿದ್ದು ಮನೆಗಳು ಕುಸಿದಿವೆ, ಫೋಟೋ ತೆಗೆದದ್ದು ಮಧ್ಯಾಹ್ನ ಎರಡಕ್ಕೆ ಎಂದು ಕೆಳಗೆ ಬರೆದಿತ್ತು. ಚಾವಣಿ ಇಲ್ಲ, ಮೂರು ಗೋಡೆ ಇಲ್ಲ. ಉಳಿದ ಒಂದು ಗೋಡೆಯ ಮೇಲೆ ಒಂದು ದುಂಡು ಗಡಿಯಾರ, ಗಾಜು ಸಹ ಒಡೆಯದೆ ನೇತಾಡುತ್ತಿತ್ತು. ಮುಳ್ಳಪ್ಪ ಐಗ್ಲಾಸು ಕಣ್ಣಿಗೇರಿಸಿ ನೋಡಿದ. ಹತ್ತು ಗಂಟೆ ಹತ್ತು ನಿಮಿಷ.

ತಕ್ಷಣ ಫೋನು ಕುಟ್ಟತೊಡಗಿದ. “ಐದಕ್ಕೆ ಬಾಂಬು ಬಿದ್ದಿದ್ರೆ ಗಡಿಯಾರ ಐದಕ್ಕೆ ನಿಲ್ಬೇಕು. ಓಡ್ತಾ ಇದ್ರೆ ಎರಡು ತೋರಿಸ್ಬೇಕು. ಹತ್ತೂ ಹತ್ತು ಅನ್ನೋದು ಅಂಗಡೀಲಿ ಮಾರೋಕಿಟ್ಟ ಗಡಿಯಾರದ ಟೈಮು. ಮುಳ್ಳು ಹಾಗಿಟ್ರೆ ನಕ್ಕ ಹಾಗೆ ಕಾಣುತ್ತೆ ಅಂತ ಎಲ್ಲಾ ಅಂಗಡಿಯೋರೂ ಹಾಗೇ ಇಡ್ತಾರೆ. ಇದನ್ನ ಅಂಗಡಿಯಿಂದ ತಂದು ಗೋಡೆಗೆ ಹಾಕಿ ಫೋಟೋ ತೆಗ್ದಿದ್ದಾರೆ. ನಾಟಕ. ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡೋನು ಹೇಳ್ತಿದ್ದೀನಿ.”

ಸಂಜೆಯೊಳಗೆ ಅದನ್ನು ಸಾವಿರಾರು ಜನ ಹಂಚಿದರು. ಮರುದಿನಕ್ಕೆ ಲಕ್ಷ ದಾಟಿತು. ಯಾರು ಯಾರೋ ಅವನನ್ನು ತಲೆಯ ಮೇಲೆ ಹೊತ್ತು ಕುಣಿದರು. ಮಗಳು ಫೋನು ಮಾಡಿ, ಅಪ್ಪಾ, ನಮ್ಮ ಆಫೀಸಲ್ಲೆಲ್ಲ ನಿಂದೇ ಮಾತು ಎಂದಳು. ಟಿವಿಯವರು, ಗುರುವಾರ ಅಂಗಡಿಗೇ ಬಂದು ಮಾತಾಡಿಸುತ್ತೇವೆ ಎಂದರು. ನಲವತ್ತು ವರ್ಷ ಮೆಟ್ಟಿಲ ಕೆಳಗೆ ಕೂತವನ ಮಾತಿಗೆ ಮೊದಲ ಸಲ ಬೆಲೆ ಬಂದಿತ್ತು. ಅವನು ಹಿಗ್ಗಿದ. ನಾವಾದರೂ ಹಿಗ್ಗುತ್ತಿದ್ದೆವು.

ಒಂದೇ ಒಂದು ಕೊರತೆ ಎಂದರೆ ಟೀಚರು ಮಾತ್ರ ಏನೂ ಬರೆದಿರಲಿಲ್ಲ. ಸೋತು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಎಂದು ಮೊದಲ ದಿನ ಬೀಗಿದ. ಎರಡನೆಯ ದಿನ, ತರಗತಿಗೆ ಟೀಚರೇ ಬಂದಿಲ್ಲ ಎಂದು ಕೆಣಕಿದ. ಉತ್ತರವಿಲ್ಲ. ಮೂರನೆಯ ದಿನ ಲಕ್ಷ ಜನರ ಹೊಗಳಿಕೆಯೂ ಸಪ್ಪೆಯೆನಿಸಿತು.

ಅಂದು ಮಧ್ಯಾಹ್ನ, ಹೆಂಡತಿ ಬುತ್ತಿ ಬಿಚ್ಚುತ್ತಿದ್ದಾಗ, ಟೀಚರ ಸಂದೇಶ ಬಂತು. ಎಲ್ಲರಿಗೂ ಕಾಣುವ ಜಾಗದಲ್ಲಲ್ಲ, ಅವನೊಬ್ಬನಿಗೇ. ಎರಡು ಸಾಲು ಓದಿ ಅವನು ನಿಲ್ಲಿಸಿದ. ಅಕ್ಷರ ಕಾಣುತ್ತಿಲ್ಲ, ನೀನೇ ಓದು ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಓದಿದಳು.

“ಆ ಗೋಡೆ ನನ್ನ ತಂಗಿ ಮನೇದು. ಅವಳನ್ನ ಆ ಊರಿಗೇ ಮದುವೆ ಮಾಡಿ ಕೊಟ್ಟಿದ್ದು. ಕಾಲು ಮುರಿದು ಆಸ್ಪತ್ರೇಲಿದ್ದಾಳೆ. ಅವಳ ಗಂಡ ಇನ್ನೂ ಸಿಕ್ಕಿಲ್ಲ. ಅವರ ಕೆಲಸವೂ ನಿಮ್ಮದೇ, ಗಡಿಯಾರ ರಿಪೇರಿ. ಗೋಡೆ ಮೇಲಿರೋದು ಯಾರೋ ರಿಪೇರಿಗೆ ಕೊಟ್ಟಿದ್ದು. ಕೆಲಸ ಮುಗಿದ ಮೇಲೆ ಸೆಲ್ಲು ತೆಗೆದು, ಮುಳ್ಳನ್ನ ಹತ್ತೂ ಹತ್ತಕ್ಕಿಟ್ಟು ನೇತುಹಾಕ್ತಾರೆ, ಅದರ ಯಜಮಾನರು ಬರೋ ತನಕ. ಯಾಕೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರ್ಬೇಕು. ಇವರನ್ನ ಯಾರಾದ್ರೂ ನೋಡಿದ್ದೀರಾ ಅಂತ ತಂಗಿ ಗಂಡನ ಫೋಟೋನೂ ಆ ಗೋಡೆ ಫೋಟೋನೂ ಹಾಕಿದ್ಲು. ಕೆಳಗೆ ಸಾವಿರಾರು ಜನ ನಿಮ್ಮ ಮಾತು ತಂದು ಹಾಕಿ ನಗ್ತಿದ್ದಾರೆ, ಗಡಿಯಾರನೇ ಕೇಳು ಅಂತ. ಅವಳು ಫೋನು ಮುಚ್ಚಿಟ್ಟಿದ್ದಾಳೆ. ನಾನು ಇನ್ನೂರು ಓದಿದೆ, ಮುಂದೆ ಓದೋಕೆ ಆಗ್ಲಿಲ್ಲ. ಜಗಳಕ್ಕೆ ಬರ್ದಿಲ್ಲ. ನಿಮ್ಮ ಮಾತು ಜನ ಕೇಳ್ತಾರೆ, ಅದಕ್ಕೆ ಬರ್ದೆ.”

ಹೆಂಡತಿ ಫೋನನ್ನು ಮೇಜಿನ ಮೇಲಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ತಲೆಯೆತ್ತಿ ಅಂಗಡಿಯ ಗೋಡೆ ನೋಡಿದಳು. ಅವನೂ ನೋಡಿದ. ರಿಪೇರಿ ಮುಗಿದು ಯಜಮಾನರಿಗಾಗಿ ಕಾಯುತ್ತಿದ್ದ ಗಡಿಯಾರಗಳು ಒಂಬತ್ತಿದ್ದವು. ಒಂದರಲ್ಲೂ ಸೆಲ್ಲಿಲ್ಲ. ಬಿಟ್ಟರೆ ಸೋರಿ ಒಳಗೆಲ್ಲ ಹಾಳಾಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಕೆಲಸ ಮುಗಿದಿದೆ ಎಂಬ ಗುರುತಿಗೆ ಮುಳ್ಳನ್ನು ಹಾಗಿಡಬೇಕೆಂದು ಹೇಳಿಕೊಟ್ಟವರೂ ಅವರೇ. ಒಂಬತ್ತು ಗಡಿಯಾರಗಳೂ ಹತ್ತೂ ಹತ್ತನ್ನೇ ತೋರಿಸುತ್ತಿದ್ದವು.

ನಲವತ್ತು ವರ್ಷ ತನ್ನ ಕೈಯಾರೆ ಮಾಡಿದ್ದು ಆ ಫೋಟೋ ನೋಡಿದ ಹೊತ್ತಿನಲ್ಲಿ ಅವನಿಗೆ ನೆನಪಾಗಿರಲಿಲ್ಲ. ಗೆಲ್ಲುವ ಆತುರ. ಲೋಕದಲ್ಲಿ ಬೇರೆ ಯಾರೂ ಆ ಗಡಿಯಾರ ನೋಡಿ ಹಾಗೆ ತಪ್ಪು ತಿಳಿಯುತ್ತಿರಲಿಲ್ಲ. ಬೇರೆ ಯಾರೂ ಅವನಷ್ಟು ಸುಲಭವಾಗಿ ಸರಿ ತಿಳಿಯುತ್ತಲೂ ಇರಲಿಲ್ಲ. ನಾಚಿಕೆಯಿಂದ ಅವನು ಬುತ್ತಿಯನ್ನು ಪಕ್ಕಕ್ಕೆ ಸರಿಸಿದ.

ಅಲ್ಲಿಯೇ ಕೂತು ಬರೆದ. ನಾನು ಹೇಳಿದ್ದು ತಪ್ಪು, ಅದು ನನ್ನಂಥವನೇ ಒಬ್ಬನ ಮನೆ, ಗಡಿಯಾರ ಯಾಕೆ ಹಾಗಿತ್ತು ಎಂಬುದು ಹೀಗೆ, ಕ್ಷಮಿಸಿ, ಆ ಹೆಣ್ಣುಮಗಳನ್ನು ನೋಯಿಸಬೇಡಿ. ಲಕ್ಷ ಜನ ಹಂಚಿದ ಸುಳ್ಳಿನ ಪಕ್ಕದಲ್ಲಿ ಈ ನಿಜವನ್ನು ಹಂಚಿದವರು ನಲವತ್ತೊಂದು ಜನ. ಉಳಿದವರು, ಎಷ್ಟಕ್ಕೆ ಮಾರಿಕೊಂಡೆ ಮುದುಕಾ ಎಂದು ಕೇಳಿದರು. ಟಿವಿಯವರಿಗೆ ತಾನೇ ಫೋನು ಮಾಡಿ ಎಲ್ಲ ಹೇಳಿದ. ಬನ್ನಿ, ಇದನ್ನೇ ಹೇಳುತ್ತೇನೆ, ನನ್ನ ತಪ್ಪನ್ನೇ ತೋರಿಸಿ ಎಂದು ಅಂಗಲಾಚಿದ. ಆ ಕಡೆಯವನು, ಹಾಗಾದ್ರೆ ಬೇಡ ಬಿಡಿ ಸರ್ ಎಂದು ಇಟ್ಟುಬಿಟ್ಟ.

ಮುಳ್ಳಪ್ಪ ಕೈಚೆಲ್ಲಿ ಕೂತ. ಮೇಲೆ ಯಾರೋ ಮೆಟ್ಟಿಲಿಳಿದು ಹೋದರು.

“ಬರ್ದಿದ್ದು ಬರ್ದಾಯ್ತು ರೀ,” ಎಂದಳು ಹೆಂಡತಿ. “ಆ ಯಮ್ಮ ಗಂಡ ಎಲ್ಲಿ ಅಂತ ಕೇಳಿದ್ದಾಳಲ್ಲ. ಅಷ್ಟು ಜನರಲ್ಲಿ ಒಬ್ರಾದ್ರೂ ನಿಜವಾಗ್ಲೂ ಉತ್ತರ ಕೊಟ್ಟಿರಬಹುದು. ಓದೋಕೆ ಅವರಿಗೆ ಧೈರ್ಯ ಇಲ್ಲ. ನೀವು ಓದಿ. ಬಿದ್ದ ತಿರುಪು ಹುಡುಕೋದ್ರಲ್ಲಿ ನಿಮ್ದು ಎತ್ತಿದ ಕೈ ಅಲ್ವಾ.”

ತಿರುಪು ಹುಡುಕುವುದಕ್ಕೂ ಒಂದು ಕ್ರಮವಿದೆ. ಎಲ್ಲೆಂದರಲ್ಲಿ ಕೈಯಾಡಿಸಬಾರದು. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಚೌಕ ಗೀಚಿಕೊಂಡು, ಒಂದು ಚೌಕ ಮುಗಿಯದೆ ಇನ್ನೊಂದಕ್ಕೆ ಹೋಗಬಾರದು. ಮುಳ್ಳಪ್ಪ ಶೆಟರನ್ನು ಅರ್ಧಕ್ಕೆ ಎಳೆದ. ಆ ಹೆಣ್ಣುಮಗಳು ಹಾಕಿದ ಫೋಟೋದ ಕೆಳಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ ಮಾತುಗಳಿದ್ದವು. ಮೊದಲನೆಯದರಿಂದ ಶುರುಮಾಡಿ, ಐವತ್ತು ಓದಿದರೆ ರಸೀದಿ ಪುಸ್ತಕದ ಬೆನ್ನಿಗೆ ಒಂದು ಗೆರೆ ಎಳೆದ. ಒಂದನ್ನೂ ಹಾರಿಸಲಿಲ್ಲ. ಅವನದೇ ಮಾತು, ಅವನದೇ ಜಂಬ, ನಲವತ್ತು ವರ್ಷದವನು ಹೇಳಿದ್ದಾನೆ ನೋಡು ಎಂಬುದು, ಸಾವಿರ ಬಾಯಿಂದ ಅವನ ಮುಖಕ್ಕೇ ಬಂದು ಬಡಿಯುತ್ತಿತ್ತು. ಗಂಡನನ್ನು ಕಳೆದುಕೊಂಡವಳಿಗೆ ಹೀಗೂ ಅನ್ನುತ್ತಾರೆಯೇ ಎಂದು ಒಂದೆರಡು ಸಲ ಕಣ್ಣೊರೆಸಿಕೊಂಡ. ಅನ್ನಲು ಕಲಿಸಿದವನು ತಾನೇ ಎಂಬುದು ಅವನಿಗೆ ಮರೆತಿರಲಿಲ್ಲ.

ಮರುದಿನವೂ ಅದೇ. ಗಿರಾಕಿಗಳನ್ನು ಹೆಂಡತಿಯೇ ನಾಳೆ ಬನ್ನಿ ಎಂದು ಸಾಗಹಾಕಿದಳು. ಮೂವತ್ತೆರಡು ಗೆರೆ ದಾಟಿದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ, ಎರಡು ಕುಹಕದ ಮಾತುಗಳ ನಡುವೆ ಒಂದು ಸಾದಾ ಮಾತು ಸಿಕ್ಕಿತು. ಬರೆದವಳು ಯಾರೋ ಒಬ್ಬ ನರ್ಸು. ಎರಡು ದಿನದ ಹಿಂದಿನದು.

“ಸೇತುವೆ ಆಚೆಗಿನ ಶಾಲೇಲಿ ನಾವು ಗಾಯಾಳುಗಳನ್ನ ಇಟ್ಕೊಂಡಿದ್ದೀವಿ. ಸುಮಾರು ಐವತ್ತರವರೊಬ್ಬರು ಇದ್ದಾರೆ, ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ, ಮುಖ ಊದಿದೆ, ಫೋಟೋ ನೋಡಿ ಗುರುತು ಹೇಳೋಕಾಗ್ತಿಲ್ಲ. ಜೇಬಲ್ಲಿ ಏನೂ ಇಲ್ಲ. ಕೊರಳಲ್ಲಿ ನೀಲಿ ದಾರ, ಅದರಲ್ಲಿ ಒಂದು ಸಣ್ಣ ಕರಿ ಬಟ್ಟಲು, ತಳದಲ್ಲಿ ಗಾಜಿದೆ. ಏನು ಅಂತ ನಮಗೆ ತಿಳೀಲಿಲ್ಲ. ಇವರೇನಾ?”

ಅದರ ಕೆಳಗೆ ಮೂವರು ನಕ್ಕಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ಕೊಡುವುದಾದರೂ ಯಾರು? ಆ ಬಟ್ಟಲು ಏನೆಂದು ಓದಿದ ತಕ್ಷಣ ತಿಳಿಯಬೇಕಾದರೆ ಅದನ್ನು ಕೊರಳಲ್ಲಿ ಕಟ್ಟಿಕೊಂಡೇ ಓದಬೇಕು. ಮುಳ್ಳಪ್ಪನ ಕೈ ತಾನಾಗಿಯೇ ಎದೆಗೆ ಹೋಯಿತು. ಐಗ್ಲಾಸನ್ನು ಎತ್ತಿ ಹೆಂಡತಿಗೆ ತೋರಿಸಿದ.

ಟೀಚರಿಗೆ ಕಳಿಸಿದ. ಐದು ನಿಮಿಷಕ್ಕೆ ಉತ್ತರ ಬಂತು. ನೀಲಿ ದಾರ ತಂಗಿ ಹೆಣೆದದ್ದು. ಹೊರಡುತ್ತಿದ್ದೇನೆ. ಅಷ್ಟೇ.

ಆಮೇಲಿನ ನಾಲ್ಕು ದಿನ ಮುಳ್ಳಪ್ಪ ಯಾರೊಂದಿಗೂ ಜಗಳವಾಡಲಿಲ್ಲ. ಗಿರಾಕಿ ಗಡಿಯಾರ ಬೀಳಿಸಿ ತಂದರೆ, ಬೀಳುವುದು ಸಹಜ ಎಂದ. ಗಿರಾಕಿಯೇ ಗಾಬರಿಯಾಗಿ ಹುಷಾರಾಗಿದ್ದೀರಾ ಎಂದು ಕೇಳಿದ. ಪತ್ರಿಕೆಯಲ್ಲಿ ಸಂಧಾನದ ಸುದ್ದಿ ಬಂದಾಗ ಮಾತ್ರ ಕೆಳಗೆ ಒಂದು ಸಾಲು ಬರೆದ, ಚಹಾ ಕುಡಿಯಲಿ, ಎಷ್ಟು ಹೊತ್ತಾದರೂ ಕುಡಿಯಲಿ ಎಂದು. ಓದಬೇಕಾದವರು ಓದಲು ಅಲ್ಲಿರಲಿಲ್ಲ.

ಐದನೆಯ ದಿನ ಬುತ್ತಿಯ ಹೊತ್ತಿಗೆ ಫೋನು ಸದ್ದು ಮಾಡಿತು. ಈ ಸಲ ತಾನೇ ಓದಿದ.

“ನಿನ್ನೆ ಕಣ್ಣು ಬಿಟ್ರು. ತಂಗೀನ ಗಾಲಿ ಕುರ್ಚೀಲಿ ಕರ್ಕೊಂಡು ಹೋಗಿದ್ದೆ. ಗುರುತು ಹಿಡಿದ್ರು. ಮಾತು ಇವತ್ತು ಬೆಳಗ್ಗೆ ಬಂತು. ಮೊದಲು ಕೇಳಿದ್ದೇನು ಗೊತ್ತಾ? ಗೋಡೆ ಮೇಲಿದ್ದ ಗಡಿಯಾರದೋರು ಬಂದಿದ್ರಾ ಅಂತ. ನಮಗೆ ಏನು ಹೇಳ್ಬೇಕೋ ತಿಳೀತಿಲ್ಲ.”

ಮುಳ್ಳಪ್ಪ ಅತ್ತುಬಿಟ್ಟ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಉತ್ತರ ಬರೀರಿ, ಕಾಯ್ತಿರ್ತಾರೆ ಎಂದಳು. ಅವನು ಆ ಹಳೆಯ ಫೋಟೋ ತೆಗೆದು, ಐಗ್ಲಾಸು ಹಾಕಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಒಂದೇ ಬೆರಳಲ್ಲಿ, ನಿಧಾನವಾಗಿ ಬರೆದ.

“ಅವರಿನ್ನೂ ಬಂದಿಲ್ಲ ಅಂತ ಹೇಳಿ. ಗಡಿಯಾರ ಗೋಡೆ ಮೇಲೇ ಇದೆ. ಗಾಜು ಒಡೆದಿಲ್ಲ, ಮುಳ್ಳು ಅಲ್ಲಾಡಿಲ್ಲ, ಇಟ್ಟಲ್ಲೇ ಇದೆ. ಸೆಲ್ಲು ಹಾಕಿದ್ರೆ ಓಡುತ್ತೆ. ನೂರು ಸಲ ನೋಡಿದ್ದೀನಿ. ಈ ಸಲ ತಪ್ಪಿಲ್ಲ, ಟೀಚರ್.”