ಲೈನಿನ ದೀಪಗಳು

ಗಣಿಯೊಳಗೆ ಬಂಡೆ ಸಿಡಿದು ಆಂಜಿನಪ್ಪ ಸತ್ತ ಮೇಲೆ ಅವನ ಹದಿನಾರರ ಮಗ ಕೋದಂಡ ಬೀದಿ ದೀಪಗಳಿಗೆ ಕಲ್ಲು ಹೊಡೆಯತೊಡಗಿದ. ಹದಿನಾಲ್ಕರ ಮಗಳು ಕದಿರಮ್ಮ ಮಾತು ಬಿಟ್ಟಳು. ಗಣಿ ಕಾರ್ಮಿಕರ ಲೈನುಮನೆಗಳ ಜನ ಅವನನ್ನು ಪೋಕರಿ ಎಂದರು, ಅವಳನ್ನು ಒಳ್ಳೆಯ ಹುಡುಗಿ ಎಂದರು. ಅವಳು ಮುದ್ದೆ ಮುರಿಯದೆ ಎದ್ದರೂ, ತಲೆ ಬಾಚದೆ ಶಾಲೆಗೆ ಹೊರಟರೂ ಯಾರೂ ಕೇಳಲಿಲ್ಲ. ತಾಯಿ ಮುನಿಶಾಮಮ್ಮನಿಗೆ ಮಗನ ರಂಪವೇ ಸಾಕಾಗಿತ್ತು.

ಒಂದು ಮಧ್ಯಾಹ್ನ, ರೈಲಿನಲ್ಲಿ ಸೊಪ್ಪು ತಂದು ಮಾರುವ ಮಂಗಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. "ಏನಮ್ಮಾ, ಇಸ್ಕೂಲ್ನ ಬಂಗಾರಪೇಟೆ ಟೇಸನ್ಗೆ ಎತ್ತಾಕವ್ರಾ? ನಿನ್ ಮಗ್ಳು ದಿನಾ ಅಲ್ಲೇ ಕುಂತಿರ್ತಾಳೆ."

ಬೂದಿಕೋಟೆಯಿಂದ ಬಂದಿದ್ದ ಸೋದರಮಾವ ಬಚ್ಚಪ್ಪ ಒಳಗೇ ಇದ್ದ. "ಯಾವನೋ ಅವ್ನೆ. ಓದಿದ್ದು ಸಾಕು. ನಾಳೆ ಕರ್ಕೊಂಡೋಗಿ ನಮ್ಮುಡುಗನ್ಗೆ ಕಟ್ಬುಡ್ತೀನಿ."

ಅದನ್ನು ಕೇಳಿಸಿಕೊಂಡ ಕೋದಂಡ ಮುಂದಿನ ರೈಲು ಹತ್ತಿದ. ಬಂಗಾರಪೇಟೆಯ ಪ್ಲಾಟ್‌ಫಾರಂ ಬೆಂಚಿನಲ್ಲಿ ಅವಳೊಬ್ಬಳೇ ಕೂತಿದ್ದಳು. ಮುಖಕ್ಕೆ ಎಂಜಿನ್ನಿನ ಮಸಿ ಹತ್ತಿತ್ತು.

"ಯಾರ್ಲೇ ಅವ್ನು?"

"ಯಾರೂ ಇಲ್ಲ. ರೈಲು ಓಗ್ತಿದ್ರೆ ತಲೇಲಿ ಏನೂ ಇರಲ್ಲ. ನಿಂತ್ರೆ ಎಲ್ಲಾ ಮತ್ತೆ ಬತ್ತದೆ."

"ಮಾವ ನಾಳೆ ನಿನ್ನ ಕರ್ಕೊಂಡೋಗ್ತಾನಂತೆ. ಮದ್ವೆಗೆ."

"ಆಗ್ಲಿ ಬುಡು."

ಆ ಮಾತಿಗೆ ಕೋದಂಡ ಹೆದರಿದ. ದೀಪದ ಗಾಜು ಒಡೆದಾಗ ಅವನಿಗೂ ಎದೆ ಹಗುರಾಗುತ್ತಿತ್ತು, ಚೂರು ನೆಲಕ್ಕೆ ಬೀಳುವಷ್ಟು ಹೊತ್ತು. ಅದನ್ನು ಹೇಳಲು ಬರಲಿಲ್ಲ. "ಟಿಕೀಟು ತಕಂಡಿದ್ಯಾ?" ಎಂದ.

"ಇಲ್ಲ."

"ಕಳ್ಳಿ."

"ನೀನ್ ತಕಂಡಿದ್ಯಾ?"

ಇಬ್ಬರೂ ಮರಳಿದಾಗ ಮನೆ ಮುಂದೆ ಬಚ್ಚಪ್ಪ ಕಾದಿದ್ದ. ಅವನು ಬಾಯಿ ತೆರೆಯುವ ಮೊದಲೇ ಕೋದಂಡ ಹೇಳಿದ: "ನಾನೇ ಕಳುಸ್ತಿದ್ದೆ, ಮಾವ. ಟೇಸನ್ನಲ್ಲಿ ಕಬ್ಣ ಕದಿಯಕ್ಕೆ. ಕಾವಲಿಗೊಬ್ರು ಬೇಕಾಗಿತ್ತು."

ಬಚ್ಚಪ್ಪ ತಕ್ಷಣ ನಂಬಿದ. ಕೆನ್ನೆಗೆ ಬಾರಿಸಿದ. "ಇಂತೋನ್ಗೆ ಗಣಿಯೋರು ಅಪ್ಪನ್ ಕೆಲ್ಸ ಕೊಡ್ತಾರಾ? ನಡಿ ಪೊಲೀಸ್ ಟೇಸನ್ಗೆ!"

"ಸುಳ್ಳು," ಎಂದಳು ಕದಿರಮ್ಮ. "ನಾನೇ ಓಗ್ತಿದ್ದೆ. ಒಬ್ಳೇ."

"ನೋಡು, ಕೂಸ್ಗೂ ಸುಳ್ ಕಲ್ಸವ್ನೆ." ಬಚ್ಚಪ್ಪ ಹುಡುಗನ ತೋಳು ಹಿಡಿದೆಳೆದ. ಜೇಬಿನಿಂದ ಕಲ್ಲೊಂದು ಉರುಳಿತು.

ಕದಿರಮ್ಮ ಅದನ್ನೆತ್ತಿಕೊಂಡು ಕಂಬದ ದೀಪಕ್ಕೆ ಬೀಸಿದಳು. ಗಾಜು ಸುರಿಯಿತು. ಬಚ್ಚಪ್ಪ ತಿರುಗಿಯೂ ನೋಡದೆ, ತನ್ನ ಹಿಡಿತದಲ್ಲೇ ಇದ್ದ ಕೋದಂಡನಿಗೆ ಇನ್ನೊಂದು ಬಿಟ್ಟ.

"ಅವ್ನಲ್ಲಣ್ಣ," ಎಂದಳು ಹೊಸ್ತಿಲಲ್ಲಿದ್ದ ಮುನಿಶಾಮಮ್ಮ. "ಕೈ ಬುಡು."

ಕೆಳಗಿಳಿದು ಬಂದು ಮಗಳ ಗಲ್ಲ ಹಿಡಿದು ಮುಖವನ್ನು ಮೇಲೆತ್ತಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಕೂದಲು ಗಂಟುಗಟ್ಟಿತ್ತು. "ಯಾವಾಗ್ಲಿಂದ್ಲೇ ಇಂಗೆ?"

"ಅಪ್ಪನ್ನ ತಂದು ಮಲುಗ್ಸಿದ್ರಲ್ಲ. ಅವತ್ತಿಂದ."

"ಅಂಗಾದ್ರೆ ನಾಳೆ..." ಎಂದ ಬಚ್ಚಪ್ಪ.

"ಅವ್ಳು ಎಲ್ಗೂ ಬರಲ್ಲ."

ಲೈನಿನ ಮಕ್ಕಳೆಲ್ಲ ಬರಿಗಾಲಲ್ಲೇ ಓಡಾಡುವುದು. ಮಾವನ ಹಿಡಿತದಿಂದ ಬಿಡಿಸಿಕೊಂಡ ಕೋದಂಡ ಕುಕ್ಕರುಗಾಲಲ್ಲಿ ಕೂತು ಗಾಜಿನ ಚೂರು ಆರಿಸತೊಡಗಿದ.